ಕೆನ್ನೆಯ ಮೇಲಿನ ಸೀಮೆಸುಣ್ಣ

ಮಾರ್ಚ್ 4, ಸೋಮವಾರ

ಬಲಗಾಲಿನಲ್ಲಿ ಎರಡು ಮೂಳೆ ಮುರಿದಿವೆ. ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರು. ಆರು ವಾರ ಕಾಲು ಊರುವಂತಿಲ್ಲ.

ನಡೆದದ್ದು ಇಷ್ಟು. ಶನಿವಾರ ಸಂಜೆ ಓಟದ ಸ್ಪರ್ಧೆಯ ಬಹುಮಾನ ವಿತರಣೆ ಇತ್ತು. ಗೆದ್ದವಳು ಕಪ್ ಎತ್ತಿ ಹಿಡಿದಳು. ನಾನು ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ವೇದಿಕೆ ನನಗಿಂತ ಮೊದಲೇ ಮುಗಿಯಿತು. ಬೀಳುವಾಗ ಕ್ಯಾಮೆರಾವನ್ನು ಮೇಲೆತ್ತಿ ಹಿಡಿದಿದ್ದರಿಂದ ಅದಕ್ಕೇನೂ ಆಗಿಲ್ಲ. ಬೆರಳು ಮಾತ್ರ ಗುಂಡಿ ಬಿಟ್ಟಿರಲಿಲ್ಲ. ಆ ಸಂಜೆ ತೆಗೆದ 1,412 ಚಿತ್ರಗಳಲ್ಲಿ ಕೊನೆಯ ಮೂವತ್ತೆಂಟು ಬರೀ ಆಕಾಶ. ಮರುದಿನ ಎದುರಾಳಿ ಪತ್ರಿಕೆಯವರು ಮುಖಪುಟದಲ್ಲಿ ಹಾಕಿದ್ದು ನಾನು ಬೀಳುತ್ತಿರುವ ಚಿತ್ರ. ಫೋಕಸ್ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು.

ನಮ್ಮ ಮನೆ ಮೂರನೆಯ ಮಹಡಿಯಲ್ಲಿ, ಐವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಹಾಗಾಗಿ ಕಾಲು ಸರಿಹೋಗುವವರೆಗೆ ಇಬ್ಬರೂ ಮಾವನ ಮನೆಯಲ್ಲಿರುವುದು ಎಂದು ಹೆಂಡತಿ ತೀರ್ಮಾನಿಸಿದಳು. ಅದು ನೆಲಮಹಡಿ. ಅವಳು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಮಾವನ ದನಿ ಹೊರಗೂ ಕೇಳಿಸಿತು.

"ಬರ್ಲಿ. ಆದ್ರೆ ನನ್ನ ಕತ್ತಲೆಕೋಣೆಗೆ ಕಾಲಿಡೋ ಹಾಗಿಲ್ಲ."

"ಕಾಲಿದ್ರೆ ತಾನೇ ಇಡೋದು" ಎಂದಳು ಇವಳು.

ಈ ದಿನಚರಿಯೂ ಅವಳು ಕೊಟ್ಟಿದ್ದೇ. ಅವಳ ಔಷಧಿ ಅಂಗಡಿಗೆ ಬಿಟ್ಟಿ ಬಂದದ್ದು. ಪ್ರತಿ ಪುಟದ ಅಡಿಯಲ್ಲೂ ಹೊಟ್ಟೆಯುರಿಯ ಮಾತ್ರೆಯ ಜಾಹೀರಾತು ಇದೆ. ಆರು ವಾರಕ್ಕೆ ಸರಿಯಾದ ಸಂಗಾತಿ.

ಮಾರ್ಚ್ 6, ಬುಧವಾರ

ಕೂತು ಓಡಾಡಲು ಚಕ್ರದ ಕುರ್ಚಿಯೊಂದು ಸಿಕ್ಕಿದೆ. ಮೂರು ಚಕ್ರ ಚೆನ್ನಾಗಿವೆ, ನಾಲ್ಕನೆಯದು ಎಡಕ್ಕೆ ಎಳೆಯುತ್ತದೆ. ಎಡಕ್ಕೆ ಇರುವುದು ಕತ್ತಲೆಕೋಣೆಯ ಬಾಗಿಲು. ಬೆಳಿಗ್ಗೆಯಿಂದ ನಾಲ್ಕು ಸಲ ಅದಕ್ಕೆ ಹೋಗಿ ಡಿಕ್ಕಿ ಹೊಡೆದೆ. ನಾಲ್ಕು ಸಲವೂ ಒಳಗಿನಿಂದ "ಯಾರದು?" ಎಂಬ ಕೂಗು. ಹೆಂಡತಿ ಅಂಗಡಿಗೆ ಹೋದ ಮೇಲೆ ಮನೆಯಲ್ಲಿರುವುದು ನಾವಿಬ್ಬರೇ.

ಮಾವನ ಸಿಟ್ಟಿನ ಕಾರಣವನ್ನು ಬರೆದಿಡುವುದು ಒಳ್ಳೆಯದು, ಎರಡೂ ಕಡೆಯದು.

ಮಾವ ನಮ್ಮ ಪತ್ರಿಕೆಯಲ್ಲೇ ನಲವತ್ತು ವರ್ಷ ಕತ್ತಲೆಕೋಣೆಯಲ್ಲಿ ಫೋಟೋ ಪ್ರಿಂಟ್ ಮಾಡುತ್ತಿದ್ದವರು. ಫಿಲ್ಮ್ ಹೋಗಿ ಡಿಜಿಟಲ್ ಬಂದಾಗ ಅವರೂ ನಿವೃತ್ತರಾದರು. ಅತ್ತೆ ಲೆಕ್ಕದ ಟೀಚರು. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ, ಪತ್ರಿಕೆಗೆ ಹಾಕಲು ಮಾವ ಒಂದೇ ಒಂದು ನೆಗೆಟಿವ್ ಕೊಟ್ಟರು. ಪಾಠ ಮುಗಿಸಿ ತರಗತಿಯ ಬಾಗಿಲಲ್ಲಿ ನಿಂತು ನಗುತ್ತಿರುವ ಅತ್ತೆ. ಅದನ್ನು ಸ್ಕ್ಯಾನ್ ಮಾಡಿ ಪುಟಕ್ಕೆ ಸೇರಿಸುವ ಕೆಲಸ ನನಗೇ ಬಂತು. ತುಂಬಾ ಗ್ರೇನ್ ಇತ್ತು. ಗ್ರೇನ್ ಎಂದರೆ ಫಿಲ್ಮಿನಲ್ಲಿರುವ ಬೆಳ್ಳಿಯ ಕಣಗಳು, ಚಿತ್ರದ ಮೇಲೆ ಮರಳು ಚೆಲ್ಲಿದ ಹಾಗೆ ಕಾಣುತ್ತವೆ. ಅದನ್ನು ತೆಗೆಯುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ. ಒತ್ತಿದೆ. ಗ್ರೇನ್ ಹೋಯಿತು. ಜೊತೆಗೆ ಅತ್ತೆಯ ಕೆನ್ನೆ, ಹಣೆ, ಕೂದಲ ಮೇಲೆ ಉದುರಿದ್ದ ಸೀಮೆಸುಣ್ಣದ ಪುಡಿಯೂ ಹೋಯಿತು. ಯಂತ್ರಕ್ಕೆ ಎರಡೂ ಒಂದೇ. ನನಗೂ ಅಂದು ಒಂದೇ.

ಮರುದಿನ ಅತ್ತೆಯ ಶಾಲೆಯಿಂದಲೇ ಒಬ್ಬರು ಫೋನ್ ಮಾಡಿ, "ಟೀಚರ್ ಬದ್ಲು ಅವರ ತಂಗಿ ಫೋಟೋ ಹಾಕಿದ್ದೀರಾ?" ಎಂದು ಕೇಳಿದರು. ಮಾವ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು.

"ನನ್ನ ಹೆಂಡ್ತಿಗೆ ಮುಖ ತೊಳೆಸಿದ್ದೀರಿ, ಅಳಿಯಂದ್ರೆ."

ಅಂದಿನಿಂದ ಕತ್ತಲೆಕೋಣೆ ನನಗೆ ಬಂದ್. ತಾಂತ್ರಿಕವಾಗಿ ನೋಡಿದರೆ ನಾನು ಮಾಡಿದ್ದು ತಪ್ಪಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ.

ಮಾರ್ಚ್ 9, ಶನಿವಾರ

ಊಟದ ಮೇಜಿನಲ್ಲಿ ಜಗಳ. ಶುರು ಮಾಡಿದ್ದು ನಾನಲ್ಲ.

"ನಿಮ್ಮ ಫೋಟೋದಲ್ಲಿ ಚರ್ಮ ಇರಲ್ಲ ಅಳಿಯಂದ್ರೆ, ಪೇಂಟ್ ಇರುತ್ತೆ" ಎಂದರು ಮಾವ.

"ನಿಮ್ಮದ್ರಲ್ಲಿ ಮರಳು ಇರುತ್ತೆ ಮಾವ."

"ಮರಳಲ್ಲ, ಕಾಳು. ಒಂದರ ಹಾಗೆ ಇನ್ನೊಂದು ಇರಲ್ಲ. ನಿಮ್ದು ಬಚ್ಚಲುಮನೆ ಟೈಲ್ಸು. ಚೌಕಚೌಕ ಜೋಡ್ಸಿರೋದು."

"ಜಗಳ ಯಾಕೆ? ನನ್ನ ಫೋನಲ್ಲಿ ಗ್ರೇನ್ ಹಾಕೋ ಬಟನ್ನೂ ಇದೆ" ಎಂದು ಹೆಂಡತಿ ಒಂದು ಚಿತ್ರ ತೆಗೆದು ಗುಂಡಿ ಒತ್ತಿ ತೋರಿಸಿದಳು. ಮಾವ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಆಮೇಲೆ ಮೇಲಿಂದ ಉದುರಿಸಿದ್ದು ಕಾಳಲ್ಲಮ್ಮ, ತಲೆಹೊಟ್ಟು."

ನಗು ತಡೆಯಲಾಗದೆ ನನಗೆ ಬಿಕ್ಕಳಿಕೆ ಬಂತು. ಅವರ ಎದುರು ನಗಬಾರದಿತ್ತು. ಈಗ ಅವರು ನನಗೆ ಹೊಸ ಹೆಸರಿಟ್ಟಿದ್ದಾರೆ: ಟಕಟಕ. ನನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಸಲ ಹಾಗೆ ಸದ್ದು ಮಾಡುತ್ತದಂತೆ.

ಮಾರ್ಚ್ 13, ಬುಧವಾರ

ಗ್ರಂಥಾಲಯದ ಮೇಡಂ ಬಂದಿದ್ದರು. ಯಾರ ಮನೆಗೆ ಹೋದರೂ ಪಿಸುಮಾತಿನಲ್ಲೇ ಮಾತಾಡುವ ಅಭ್ಯಾಸ ಅವರಿಗೆ. ಏಪ್ರಿಲ್ 13ಕ್ಕೆ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಮಾವನ ಚಿತ್ರಪ್ರದರ್ಶನ. ನಲವತ್ತು ವರ್ಷ ರಜಾದಿನಗಳಲ್ಲಿ ಮಾವ ತಮ್ಮ ಸ್ವಂತ ಕ್ಯಾಮೆರಾದಲ್ಲಿ ಈ ಬೀದಿಯ ಕೆಲಸಗಾರರನ್ನು ತೆಗೆದಿದ್ದಾರೆ. ಅದರಲ್ಲಿ ಇಪ್ಪತ್ತನಾಲ್ಕು ಮುಖ, ಎಲ್ಲವನ್ನೂ ಅವರೇ ಕೈಯಾರೆ ಪ್ರಿಂಟ್ ಮಾಡಿಕೊಡಬೇಕು. ಮಾವ ಕೊಟ್ಟ ಪಟ್ಟಿಯಲ್ಲಿ ಕೀಲಿ ರಿಪೇರಿಯವನಿಂದ ಸೂಲಗಿತ್ತಿಯವರೆಗೆ ಇಪ್ಪತ್ತಮೂರು ಕಸುಬುಗಳಿವೆ. ಇಪ್ಪತ್ತನಾಲ್ಕನೆಯ ಸಾಲಿನಲ್ಲಿ ಒಂದು ಗೀಟು.

"ಇದು ಯಾರು?" ಎಂದು ಮೇಡಂ ಪಿಸುಗುಟ್ಟಿದರು.

"ಆಮೇಲೆ ಹೇಳ್ತೀನಿ."

"ನಾನು ಇಪ್ಪತ್ನಾಲ್ಕು ಮೊಳೆ ಹೊಡೆಸಿ ಆಗಿದೆ ಸಾರ್, ಗೋಡೆಗೆ ಬಣ್ಣನೂ ಆಗಿದೆ. ಒಂದು ಮೊಳೆ ಖಾಲಿ ಇದ್ರೆ ಜನ ಅದನ್ನೇ ನೋಡ್ತಾರೆ. ಎಷ್ಟಾಗಿದೆ ಈಗ?"

ಮಾವ ಬೇರೆ ಏನೋ ಹೇಳಿದರು, ಎಷ್ಟಾಗಿದೆ ಎಂದು ಹೇಳಲಿಲ್ಲ.

"ಕಷ್ಟ ಅನ್ಸಿದ್ರೆ ನೆಗೆಟಿವ್ ಕೊಡಿ ಸಾರ್. ಹೊರಗಡೆ ಕಂಪ್ಯೂಟರಲ್ಲಿ ನೀಟಾಗಿ ಮಾಡ್ಕೊಡ್ತಾರೆ. ಎರಡೇ ದಿನ."

"ಮೇಡಂ, ನಾನಿನ್ನೂ ಬದುಕಿದ್ದೀನಿ" ಎಂದರು ಮಾವ, ಅಷ್ಟೇ ಪಿಸುದನಿಯಲ್ಲಿ.

ಮಾರ್ಚ್ 15, ಶುಕ್ರವಾರ

ಕತ್ತಲೆಕೋಣೆಯ ಹೊರಗಿರುವ ಕಸದ ಬುಟ್ಟಿಗೆ ಕುರ್ಚಿ ಡಿಕ್ಕಿ ಹೊಡೆಯಿತು. ಹನ್ನೊಂದು ಪ್ರಿಂಟುಗಳು ನೆಲಕ್ಕೆ ಬಿದ್ದವು. ಹನ್ನೊಂದರಲ್ಲೂ ಫೋಕಸ್ ಇಲ್ಲ. ಮೇಲುನೋಟಕ್ಕೆ ತಿಳಿಯುವಷ್ಟಲ್ಲ. ಆದರೆ ಕೀಲಿ ರಿಪೇರಿಯವನ ರೆಪ್ಪೆಗೂದಲು ಒಂದಕ್ಕೊಂದು ಅಂಟಿಕೊಂಡಿವೆ. ದಿನಕ್ಕೆ ಸಾವಿರ ಚಿತ್ರ ನೋಡುವ ನನಗೆ ಅದು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ತಿಳಿಯುತ್ತದೆ.

ಕೇಳಿದೆ. ಮಾವ ಮೊದಲು ಬಲ್ಬಿನ ತಪ್ಪು ಎಂದರು. ಆಮೇಲೆ ಕಾಗದದ ತಪ್ಪು. ಆಮೇಲೆ ಹತ್ತೂ ಇಪ್ಪತ್ತರ ಬಸ್ಸು ಮನೆಯನ್ನು ಅಲುಗಾಡಿಸುತ್ತದೆ ಎಂದರು. ಹನ್ನೊಂದು ಪ್ರಿಂಟನ್ನೂ ಒಂದೇ ಬಸ್ಸು ಹೇಗೆ ಅಲುಗಾಡಿಸಿತು ಎಂದು ಕೇಳಲಿಲ್ಲ.

ಮಾರ್ಚ್ 18, ಸೋಮವಾರ

ಕತ್ತಲೆಕೋಣೆಯ ಟೈಮರ್ ಕೆಟ್ಟಿದೆಯಂತೆ. ಬಾಗಿಲ ಹೊರಗೆ ಕೂತು ಸೆಕೆಂಡು ಎಣಿಸಿ ಕೂಗುವ ಕೆಲಸ ನನಗೆ. "ಒಂದು, ಎರಡು..." ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಎಣಿಸಿದೆ. ಅಂಚೆಯವಳು ಬಂದವಳು ಬಾಗಿಲಿಗೆ ಲೆಕ್ಕ ಹೇಳಿಕೊಡುತ್ತಿರುವ ನನ್ನನ್ನು ನೋಡಿ, ಕಾಗದ ಮೆಟ್ಟಿಲ ಮೇಲೇ ಇಟ್ಟು ಹೋದಳು.

ಸಂಜೆ ಹೆಂಡತಿ ಟೈಮರನ್ನು ಬಿಚ್ಚಿ ನೋಡಿದಳು. "ಅಪ್ಪಾ, ಇದು ನನ್ನ ಅಂಗಡಿ ಗಡಿಯಾರಕ್ಕಿಂತ ಸರಿಯಾಗಿದೆ" ಎಂದಳು. ಮಾವ ಕೇಳಿಸದವರಂತೆ ಕೈ ತೊಳೆಯಲು ಹೋದರು. ಆಗಲೇ ತೊಳೆದಿದ್ದರು.

ಮಾರ್ಚ್ 20, ಬುಧವಾರ

ಒಳಗೆ ಹೋದೆ.

ಎರಡೂ ಕೈ ಒದ್ದೆಯಾಗಿದೆ, ಬೀರುವಿನಿಂದ ಕಾಗದದ ಡಬ್ಬಿ ತನ್ನಿ ಎಂದು ಕೂಗಿದರು. ಬೀರುವಿನಲ್ಲಿ ಮೂರು ಡಬ್ಬಿಗಳಿದ್ದವು, ಮೂರರ ಮೇಲೂ 'ಬೆಳಕಿನಲ್ಲಿ ತೆರೆಯಬೇಡಿ' ಎಂಬ ಅವರ ಕೈಬರಹ. ಮೇಲಿನದನ್ನು ತೊಡೆಯ ಮೇಲಿಟ್ಟುಕೊಂಡು ಉರುಳಿದೆ. ಬಾಗಿಲು ಮುಚ್ಚಿದರೆ ಒಳಗೆ ಕೆಂಪು ದೀಪ, ಹುಳಿ ವಾಸನೆ, ನಲ್ಲಿಯ ತೊಟ್ಟಿಕ್ಕುವ ಸದ್ದು. ಆರು ವರ್ಷವಾಗಿತ್ತು. ಅವರು ಹೇಳಿದರೆಂದು ಡಬ್ಬಿ ತೆರೆದೆ. ಒಳಗೆ ಫೋಟೋ ಕಾಗದ ಇರಲಿಲ್ಲ, ಕಣ್ಣಾಸ್ಪತ್ರೆಯ ಒಂದು ಪತ್ರ ಇತ್ತು. ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಸರದಿ ಏಪ್ರಿಲ್ 22.

ಬೆಳಕಿನಲ್ಲಿ ತೆರೆಯಬಾರದ ಪತ್ರ. ಇದಕ್ಕಿಂತ ಒಳ್ಳೆಯ ಬಚ್ಚಿಡುವ ಜಾಗ ಈ ಮನೆಯಲ್ಲಿಲ್ಲ.

"ಆ ಡಬ್ಬಿ ಅಲ್ಲ" ಎಂದರು ಮಾವ. ಪ್ರಿಂಟ್ ತೊಳೆಯುವ ದ್ರಾವಣದ ಟ್ರೇ ಅಲುಗಿಸುವುದನ್ನು ನಿಲ್ಲಿಸಿರಲಿಲ್ಲ. "ಓದಿದ್ರಾ?"

"ಓದ್ದೆ."

"ಈ ಕೆಂಪು ದೀಪದಲ್ಲಿ ಓದೋಕಾಯ್ತಾ ನಿಮಗೆ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಅಸೂಯೆ ಇತ್ತು.

ಆಮೇಲೆ ಎಲ್ಲ ಹೇಳಿದರು. ಎನ್‌ಲಾರ್ಜರ್ ಎಂಬ ಯಂತ್ರದಿಂದ ನೆಗೆಟಿವಿನ ಚಿತ್ರವನ್ನು ದೊಡ್ಡದಾಗಿ ಕೆಳಗಿನ ಕಾಗದದ ಮೇಲೆ ಬೀಳಿಸುತ್ತಾರೆ. ಅದು ಚೂಪಾಗಿದೆಯೇ ಎಂದು ನೋಡಲು ಬೆರಳುದ್ದದ ಒಂದು ಭೂತಗನ್ನಡಿ ಇದೆ. ಅದರಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಮುಖವನ್ನಲ್ಲ, ಕಾಳುಗಳನ್ನು. ನಾಲ್ಕು ತಿಂಗಳಿಂದ ಮಾವನಿಗೆ ಆ ಗಾಜಿನಲ್ಲಿ ಬರೀ ಮಂಜು ಕಾಣುತ್ತಿದೆ. ಟೈಮರಿನ ಮುಳ್ಳೂ ಕಾಣುವುದಿಲ್ಲ. ಗ್ರಂಥಾಲಯದವರಿಗೆ ತಿಳಿದರೆ ನೆಗೆಟಿವ್ ಕಸಿದುಕೊಂಡು ಹೋಗಿ ಎಲ್ಲರ ಮುಖವನ್ನೂ ನಯ ಮಾಡಿಸುತ್ತಾರೆ. ಮಗಳಿಗೆ ತಿಳಿದರೆ ಕತ್ತಲೆಕೋಣೆಗೆ ಬೀಗ ಹಾಕುತ್ತಾಳೆ.

"ನಾನು ನೋಡ್ಲಾ ಮಾವ?"

ತುಂಬಾ ಹೊತ್ತು ಟ್ರೇ ಅಲುಗಿಸಿದರು.

"ನಿಮ್ಮ ಕಣ್ಣು ಬೇಕು. ಅಭಿಪ್ರಾಯ ಬೇಡ."

ಮಾರ್ಚ್ 21, ಗುರುವಾರ

ಏಳು ಪ್ರಿಂಟ್. ಏಳೂ ಹಾಳು. ತಪ್ಪು ನನ್ನದು.

ಬೆಳಿಗ್ಗೆ ಗಾಜಿನಲ್ಲಿ ಕಣ್ಣಿಟ್ಟೆ. ಕಪ್ಪು ಕಪ್ಪಾಗಿ, ಅಂಚು ಕೊಯ್ದ ಹಾಗೆ ಕಾಳುಗಳು ಕಂಡವು. "ಸಿಕ್ತು ಮಾವ, ಸೂಜಿ ಇದ್ದ ಹಾಗಿದೆ!" ಎಂದೆ. ಅವರು ಬೆಳಕು ಕೊಟ್ಟರು, ತೊಳೆದರು, ನಾನು ಎಣಿಸಿದೆ. ಮಧ್ಯಾಹ್ನ ಏಳನ್ನೂ ಕಿಟಕಿಯ ಬಳಿ ಹಿಡಿದು ನೋಡಿದರೆ ಮುಖಗಳೆಲ್ಲ ಮೊದಲಿನ ಹಾಗೇ ಮಂಕು. ಆದರೆ ಪ್ರತಿ ಮುಖದ ಮೇಲೂ ಬಿಳಿ ಚುಕ್ಕಿಗಳು, ಒಂದು ಎಳೆ ಬಟ್ಟೆಯ ನೂಲು. ಅವು ಮಾತ್ರ ಎಂಥ ಸ್ಪಷ್ಟ!

ನೆಗೆಟಿವ್ ಹಿಡಿದಿಡುವ ಗಾಜಿನ ಮೇಲೆ ಧೂಳಿತ್ತು. ನಾನು ಫೋಕಸ್ ಮಾಡಿದ್ದು ಆ ಧೂಳನ್ನು.

ಮಾವ ಪ್ರಿಂಟನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದರು. ಅವರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು ನೂಲು. ಕುಳಿತುಕೊಂಡರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು.

"ನಲವತ್ತು ವರ್ಷದಲ್ಲಿ ಧೂಳಿಗೆ ಇಷ್ಟು ಒಳ್ಳೆ ಫೋಟೋ ಯಾರೂ ತೆಗೆದಿಲ್ಲ ಕಣೋ. ಇದನ್ನೇ ಇಪ್ಪತ್ನಾಲ್ಕನೇದಾಗಿ ತೂಗುಹಾಕೋಣ. ಕೆಳಗೆ ನಿನ್ನ ಹೆಸರು ಬರೆಸ್ತೀನಿ."

"ಧೂಳೂ ಕಾಳೂ ಒಂದೇ ಥರ ಕಾಣುತ್ತೆ ಮಾವ."

"ಒಂದೇ ಥರ ಕಾಣುತ್ತೆ, ಒಂದೇ ಥರ ಇರಲ್ಲ. ಧೂಳು ಅಲ್ಲೊಂದು ಇಲ್ಲೊಂದು. ಕಾಳು ಊರೆಲ್ಲಾ. ನೆಗೆಟಿವ್ ಸ್ವಲ್ಪ ಜರುಗಿಸು, ಜೊತೇಲಿ ನಡೆದು ಬಂದ್ರೆ ಕಾಳು. ನಿಂತಲ್ಲೇ ನಿಂತ್ರೆ ಧೂಳು. ನಾಳೆ ನೋಡು."

ಮಾರ್ಚ್ 25, ಸೋಮವಾರ

ಇಂದು ಕಂಡಿತು.

ಎನ್‌ಲಾರ್ಜರಿನ ಗುಂಡಿ ತಿರುಗಿಸುತ್ತಾ ಹೋದೆ. ಮೊದಲು ಬೂದುಬಣ್ಣದ ಮಬ್ಬು. ಆಮೇಲೆ ಮಬ್ಬು ಒಡೆಯಿತು, ಅದರೊಳಗಿಂದ ಲಕ್ಷಾಂತರ ಕಾಳುಗಳು ಒಟ್ಟಿಗೇ ಎದ್ದು ಬಂದವು. ಇನ್ನೊಂದು ಕೂದಲಷ್ಟು ತಿರುಗಿಸಿದರೆ ಮಾಯ. ಹಿಂದಕ್ಕೆ ಬಂದರೆ ಮತ್ತೆ ಹಾಜರ್. ನೆಗೆಟಿವ್ ಜರುಗಿಸಿದರೆ ಇಡೀ ಗುಂಪು ಜೊತೆಯಲ್ಲೇ ಜರುಗಿತು. ಶಾಲೆ ಬಿಟ್ಟಾಗ ಅಂಗಳಕ್ಕೆ ನುಗ್ಗುವ ಮಕ್ಕಳನ್ನು ಮಹಡಿಯಿಂದ ನೋಡಿದ ಹಾಗೆ. ಎಷ್ಟು ಹೊತ್ತು ನೋಡಿದೆನೋ.

"ಬಲ್ಬು ಬಿಸಿಯಾಗ್ತಿದೆ ಕಣಪ್ಪ. ಅಲ್ಲೇ ಸಂಸಾರ ಹೂಡ್ತೀಯಾ?" ಎಂದರು ಮಾವ.

ಕೀಲಿ ರಿಪೇರಿಯವನು ಮುಗಿದ. ಅವನ ರೆಪ್ಪೆಗೂದಲು ಎಣಿಸಬಹುದು.

ಮಾರ್ಚ್ 29, ಶುಕ್ರವಾರ

ಹನ್ನೆರಡು ಆಗಿದೆ. ಇವತ್ತು ಬಸ್ ಕಂಡಕ್ಟರ್, ಚಪ್ಪಲಿ ಹೊಲಿಯುವ ಅಣ್ಣತಮ್ಮ, ಬಾವಿ ತೋಡುವ ಹೆಂಗಸು.

ಕಾಳು ಎಲ್ಲ ಚಿತ್ರದಲ್ಲೂ ಒಂದೇ ರೀತಿ ಇರುವುದಿಲ್ಲ. ಕಂಡಕ್ಟರನನ್ನು ಮೋಡದ ದಿನ, ಬಸ್ಸಿನೊಳಗೆ, ಇದ್ದಷ್ಟೇ ಬೆಳಕಿನಲ್ಲಿ ತೆಗೆದದ್ದು. ಕಾಳು ದಪ್ಪ. ಅವನ ಎರಡು ದಿನದ ಗಡ್ಡ ಎಲ್ಲಿ ಮುಗಿದು ಬಸ್ಸಿನ ಕತ್ತಲು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುವುದಿಲ್ಲ. ಬಾವಿ ತೋಡುವವಳು ನಡುಹಗಲಿನಲ್ಲಿ ನಿಂತಿದ್ದಾಳೆ, ಕಾಳು ಸಣ್ಣ, ಮೈಮೇಲಿನ ಮಣ್ಣು ಒಣಗಿ ಬಿರಿದದ್ದು ಗೆರೆಗೆರೆಯಾಗಿ ಕಾಣುತ್ತದೆ. ಒಂದು ಚಿತ್ರಕ್ಕೆ ಎಷ್ಟು ಸಲ ಕ್ಲಿಕ್ ಮಾಡಿದಿರಿ ಎಂದು ಕೇಳಿದೆ.

"ಒಂದ್ಸಲ. ಅವಳಿಗೆ ಕೆಲಸ ಇತ್ತು. ಎರಡನೇ ಸಲ ಕೇಳಿದ್ರೆ ಗುದ್ದಲಿ ಬೀಸ್ತಿದ್ಲು."

ಕಾಲು ತುರಿಸುವುದು ಕಡಿಮೆಯಾಗಿದೆ. ಅಥವಾ ಗಮನಿಸಿಲ್ಲ.

ಏಪ್ರಿಲ್ 2, ಮಂಗಳವಾರ

ಹೆಂಡತಿಗೆ ಗೊತ್ತಿತ್ತು!

ಊಟ ಮಾಡುವಾಗ ಮಾವನ ತಟ್ಟೆಯ ಪಕ್ಕ ಒಂದು ಸಣ್ಣ ಸೀಸೆ ಇಟ್ಟು, "ಕಣ್ಣಿನ ಹನಿ ಮುಗಿದಿರ್ಬೇಕು, ಹೊಸದು ತಂದಿದ್ದೀನಿ" ಎಂದಳು. ಮಾವ ನನ್ನನ್ನು ನೋಡಿದರು. ನಾನು ಸೀಸೆಯನ್ನು ನೋಡಿದೆ.

"ನಾನು ಹೇಳಿಲ್ಲ ಮಾವ, ಈ ಮುರಿದ ಕಾಲಿನ ಆಣೆ."

"ಅವನೇನೂ ಹೇಳಿಲ್ಲ. ಆ ಆಸ್ಪತ್ರೆ ಚೀಟಿಗೆ ಔಷಧಿ ಕೊಡೋ ಅಂಗಡಿ ಯಾವುದು ಅಂದ್ಕೊಂಡೆ ಅಪ್ಪಾ? ನಿನ್ನ ಸ್ನೇಹಿತರನ್ನ ಕಳಿಸಿ ತರಿಸ್ಕೊಂಡ್ರೆ ಚೀಟಿ ಮೇಲೆ ನಿನ್ನ ಹೆಸರು ಇರಲ್ವಾ? ಡಿಸೆಂಬರಿಂದ ಗೊತ್ತು ನಂಗೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನಾಗಿ ಯಾರನ್ನಾದ್ರೂ ಒಳಗೆ ಕರ್ಕೋತೀಯಾ ಅಂತ ನೋಡ್ತಿದ್ದೆ." ನನ್ನ ಕಡೆ ತಿರುಗಿದಳು. "ಇವನು ಕಾಲು ಮುರ್ಕೊಂಡಿದ್ದು ಅನುಕೂಲ ಆಯ್ತು."

ಐವತ್ತೆಂಟು ಮೆಟ್ಟಿಲಿನ ಮಾತು ನೆಪವೇ ಎಂದು ಕೇಳಿದೆ. ಅವಳು ನನಗೆ ಇನ್ನೊಂದು ಸಲ ಬಡಿಸಿದಳು.

ಏಪ್ರಿಲ್ 5, ಶುಕ್ರವಾರ

ಇಪ್ಪತ್ತಮೂರು ಮುಗಿಯಿತು. ಮಧ್ಯಾಹ್ನ ಮೂರಕ್ಕೆ ಸೂಲಗಿತ್ತಿಯನ್ನು ಹಗ್ಗಕ್ಕೆ ಒಣಹಾಕಿ ಇಬ್ಬರೂ ಕೈ ಕುಲುಕಿದೆವು.

ಮಾವ ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದರು. ಕೆಂಪು ಬೆಳಕಿನಲ್ಲೂ ಗುರುತು ಹಿಡಿದೆ. ಆರು ವರ್ಷದ ಹಿಂದೆ ನನ್ನ ಕೈಯಲ್ಲಿ ಅರ್ಧ ಗಂಟೆ ಇದ್ದ, ಅತ್ತೆಯ ನೆಗೆಟಿವಿನ ಲಕೋಟೆ.

"ನೀನು ಹೊರಗಿರು" ಎಂದರು. ಮೆಲ್ಲಗೇ ಹೇಳಿದರು.

ಹೊರಗೆ ಬಂದೆ. ಒಬ್ಬರೇ ಇದ್ದರು, ಎರಡು ಗಂಟೆ. ಈ ಅಳತೆಯ ಕಾಗದ ಏಳು ಹಾಳೆ ಉಳಿದಿತ್ತು. ಆ ಕಾಗದ ಈಗ ತರಿಸಿದರೆ ಬರಲು ಒಂದು ತಿಂಗಳು.

ಏಪ್ರಿಲ್ 6, ಶನಿವಾರ

ಬುಟ್ಟಿಯಲ್ಲಿ ನಾಲ್ಕು ಹಾಳೆ. ತೆಗೆದು ನೋಡಲಿಲ್ಲ.

ಮೊನ್ನೆ ನನ್ನ ಕಂಪ್ಯೂಟರಿನ ಹಳೆಯ ಕಡತಗಳಲ್ಲಿ ಆ ಪುಟ ಸಿಕ್ಕಿತು. ಅತ್ತೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಣದಲ್ಲಿ ಮಾಡಿದ ಯಾರೋ ಹೆಂಗಸು ನಗುತ್ತಿದ್ದಾಳೆ. ಕಡತದ ವಿವರದಲ್ಲಿ ಸಮಯ ನಮೂದಾಗಿದೆ: ತೆರೆದದ್ದು 4:10:31, ಶುಚಿ ಮಾಡಿದ್ದು 4:10:33.

ಏಪ್ರಿಲ್ 9, ಮಂಗಳವಾರ

ಹತ್ತು ಗಂಟೆಗೆ ಬಾಗಿಲು ತೆರೆದರು. "ಬಾ."

ಮೂರು ಹಾಳೆ. ನೆಗೆಟಿವ್ ಆಗಲೇ ಯಂತ್ರದಲ್ಲಿತ್ತು. ಭೂತಗನ್ನಡಿಯನ್ನು ಅಂಗಿಯ ಚುಂಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೇ ಹೇಳಿದೆ.

"ಮಾವ, ಅವತ್ತು ನಾನು ಅತ್ತೆಯನ್ನ ನೋಡಿದ್ದು ಎರಡೇ ಸೆಕೆಂಡು. ಲೆಕ್ಕ ಸಿಕ್ತು ನಂಗೆ."

"ನಾನೂ ಅದೇ ಪತ್ರಿಕೇಲಿ ಇದ್ದೋನು ತಾನೆ. ಅಲ್ಲಿ ಸಿಗೋದೇ ಎರಡು ಸೆಕೆಂಡು." ಬಲ್ಬು ಹಾಕಿದರು. "ಇಲ್ಲಿ ಯಾರೂ ಅವಸರ ಮಾಡಲ್ಲ. ನೋಡು."

ನೋಡಿದೆ. ಮೊದಲು ಗಾಜಿನ ಧೂಳು ಒರೆಸಿದೆ, ಎರಡು ಸಲ. ಆಮೇಲೆ ಕೆನ್ನೆಯ ಭಾಗಕ್ಕೆ ಕಣ್ಣಿಟ್ಟೆ. ಮುಖ ಇಲ್ಲ, ಕೆನ್ನೆ ಇಲ್ಲ, ಬರೀ ಕಾಳು. ಎಲ್ಲೆಲ್ಲೂ ಕಾಳು.

"ಮಾವ, ಇದರಲ್ಲಿ ಸೀಮೆಸುಣ್ಣ ಯಾವುದು ಅಂತಾನೇ ಗೊತ್ತಾಗ್ತಿಲ್ಲ."

"ಗೊತ್ತಾಗೋದು ಬೇಡ. ಆರಿಸೋಕೆ ಹೋಗ್ಬೇಡ. ಎಲ್ಲಾ ಕಾಳೂ ಒಟ್ಟಿಗೆ ಚೂಪಾಗ್ಲಿ, ಅವಳು ಅವಳಾಗೇ ಬರ್ತಾಳೆ."

ಅತ್ತ ಒಂದು ಕೂದಲು, ಇತ್ತ ಒಂದು ಕೂದಲು. ಎಷ್ಟು ಸಲ ತಿರುಗಿಸಿದೆನೋ. ಬೆವರು ಗಾಜಿನ ಮೇಲೆ ಬೀಳದ ಹಾಗೆ ಹಣೆಗೆ ಕರವಸ್ತ್ರ ಕಟ್ಟಿಕೊಂಡೆ. ಕೊನೆಗೆ "ಈಗ" ಎಂದೆ.

ಮಾವ ಬೆಳಕು ಕೊಟ್ಟು ಹಾಳೆಯನ್ನು ದ್ರಾವಣದಲ್ಲಿ ಮುಳುಗಿಸಿದರು. ನಾನು ಎಣಿಸಿದೆ. ಹದಿನೈದಕ್ಕೆ ಬಾಗಿಲಿನ ಕಪ್ಪು ಬಂತು. ಇಪ್ಪತ್ತಕ್ಕೆ ಕೂದಲು. ಮೂವತ್ತಕ್ಕೆ ಹುಬ್ಬು, ಕಣ್ಣು. ಆಮೇಲೆ ಕೆನ್ನೆ ನಿಧಾನವಾಗಿ ಬೂದುಬಣ್ಣಕ್ಕೆ ತಿರುಗಿತು. ಅಲ್ಲಲ್ಲಿ ಚುಕ್ಕಿಚುಕ್ಕಿಯಾಗಿ ಏನೂ ಬರಲಿಲ್ಲ. ತೊಂಬತ್ತಾದರೂ ಬರಲಿಲ್ಲ, ನೂರಿಪ್ಪತ್ತಾದರೂ ಬರಲಿಲ್ಲ. ಕಾಗದ ಎಲ್ಲಿ ಬಿಳಿಯಾಗಿಯೇ ಉಳಿಯಿತೋ ಅದು ಸೀಮೆಸುಣ್ಣ.

"ಬಂತಾ?" ಎಂದರು ಮಾವ. ಟ್ರೇಯ ಮೇಲೆ ಬಗ್ಗಿದ್ದರು, ಆದರೂ ನನ್ನನ್ನು ಕೇಳಿದರು.

"ಬಂತು."

"ಎಲ್ಲಿ?"

"ಎಡಗೆನ್ನೆ ಮೇಲೆ ಹೆಬ್ಬೆರಳಗಲ. ಹಣೆ ಮೇಲೆ ಸ್ವಲ್ಪ. ಬಲಗಿವಿ ಹಿಂದೆ ಕೂದಲಲ್ಲಿ ಒಂದಿಷ್ಟು."

ಮಾವ ತಲೆಯಾಡಿಸಿದರು. ಆಮೇಲೆ, ಹಾಳೆ ಸರಿಯಾಗಿದೆಯೇ ಎಂದು ಕೇಳಲೇ ಇಲ್ಲ. ಎರಡು ಹಾಳೆ ಉಳಿಯಿತು. ಚೂಪಾಗಿದೆ ಎಂದು ನನಗೆ ಗೊತ್ತು. ಆದರೆ ಧೂಳಿನ ದಿನವೂ ನನಗೆ ಗೊತ್ತಿತ್ತು.

ಏಪ್ರಿಲ್ 12, ಶುಕ್ರವಾರ

ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದ್ದೋ ತಂದು ಜೋಡಿಸಿದ ಹಾಗಿದೆ. ಚಕ್ರದ ಕುರ್ಚಿ ಕೊನೆಯ ಸಲ ಕತ್ತಲೆಕೋಣೆಯ ಬಾಗಿಲಿಗೆ ಹೋಗಿ ನಿಂತಿತು, ನಾನು ಕೂತಿರಲಿಲ್ಲ.

ಏಪ್ರಿಲ್ 13, ಶನಿವಾರ

ಇಪ್ಪತ್ತನಾಲ್ಕು ಮೊಳೆ, ಇಪ್ಪತ್ತನಾಲ್ಕು ಚಿತ್ರ. ಮೇಡಂ ಎರಡು ಸಲ ಎಣಿಸಿದರು.

ಬೀದಿಯೆಲ್ಲ ಬಂದಿತ್ತು. ಕೀಲಿ ರಿಪೇರಿಯವನಿಗೆ ಈಗ ಎಪ್ಪತ್ತು. ತನ್ನ ಚಿತ್ರದ ಮುಂದೆ ನಿಂತು, "ಆಗ ನಂಗೆ ಇಷ್ಟೊಂದು ಕೂದಲಿತ್ತಾ? ಸುಳ್ಳು ಹೇಳ್ಬೇಡಿ" ಎಂದು ಮಾವನ ಜೊತೆ ವಾದಕ್ಕಿಳಿದ. ಬಾವಿ ತೋಡುವವಳ ಮೊಮ್ಮಗಳು ಚಿತ್ರದ ಪಕ್ಕ ಅದೇ ಭಂಗಿಯಲ್ಲಿ ನಿಂತಳು, ಗುದ್ದಲಿಯ ಬದಲು ಕೊಡೆ ಹಿಡಿದು. ಮೇಡಂ ಮೊದಲ ಸಲ ಗಟ್ಟಿ ದನಿಯಲ್ಲಿ ನಕ್ಕದ್ದನ್ನು ಕೇಳಿದೆ.

ಇಪ್ಪತ್ತನಾಲ್ಕನೆಯದು ಕೊನೆಯ ಗೋಡೆಯಲ್ಲಿ. ಅತ್ತೆಯ ಹತ್ತಿರ ಕಲಿತವರು ಎಷ್ಟೋ ಜನ. ದೊಡ್ಡ ಹೊಟ್ಟೆಯ ಒಬ್ಬ ಮನುಷ್ಯ ಬಂದವನೇ ಬೆನ್ನು ನೆಟ್ಟಗೆ ಮಾಡಿ, ಜೇಬಿನಿಂದ ಕೈ ತೆಗೆದ. "ಲೆಕ್ಕ ಮಾಡ್ಕೊಂಡ್ ಬಂದಿಲ್ಲ ಟೀಚರ್" ಎಂದ. ಹಿಂದೆ ನಿಂತವರೆಲ್ಲ ನಕ್ಕರು.

ಹೆಂಡತಿ ಅಂಗಡಿ ಮುಚ್ಚಿ ತಡವಾಗಿ ಬಂದಳು. ಇಪ್ಪತ್ತನಾಲ್ಕನೆಯದು ಯಾರೆಂದು ನಾವು ಅವಳಿಗೆ ಹೇಳಿರಲಿಲ್ಲ. ಸಾಲಾಗಿ ನೋಡುತ್ತಾ ಬಂದು ಆ ಚಿತ್ರದ ಎದುರು ನಿಂತಳು. ಬಲಗೈಯ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಅತ್ತೆಯ ಎಡಗೆನ್ನೆಯ ಕಡೆ ಕೈ ಚಾಚಿದಳು. ಚಿಕ್ಕವಳಿದ್ದಾಗ, ಪ್ರತಿ ಸಂಜೆ ಅಮ್ಮ ಶಾಲೆಯಿಂದ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೆನ್ನೆಯ ಸೀಮೆಸುಣ್ಣ ಒರೆಸುತ್ತಿದ್ದಳಂತೆ. ಚಿತ್ರಕ್ಕೆ ಬೆರಳಗಲ ಇರುವಾಗ ಕೈ ನಿಂತಿತು.

"ಒರೆಸ್ಬೇಡ ಮಗಳೇ" ಎಂದರು ಮಾವ ಹಿಂದಿನಿಂದ. "ತುಂಬಾ ಕಷ್ಟಪಟ್ಟು ಹಚ್ಚಿದ್ದೀವಿ."

ಅವಳು ನಗುತ್ತಾ ಅತ್ತಳು. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ಒಂದು ಸಲ ಒತ್ತಿದೆ.

"ಏನಾಯ್ತು ಟಕಟಕ, ಬ್ಯಾಟರಿ ಮುಗೀತಾ?" ಎಂದರು ಮಾವ.

ಮುಗಿದಿರಲಿಲ್ಲ.

ಏಪ್ರಿಲ್ 16, ಮಂಗಳವಾರ

ಕೆಲಸಕ್ಕೆ ಹೋದೆ. ಸೇತುವೆ ಉದ್ಘಾಟನೆ. ಹನ್ನೊಂದು ಚಿತ್ರ ತಂದುಕೊಟ್ಟೆ. ಸುದ್ದಿ ಸಂಪಾದಕರು ಕ್ಯಾಮೆರಾದ ಮೆಮರಿ ಕಾರ್ಡು ಕೆಟ್ಟಿದೆಯೇ ಎಂದು ಕೇಳಿದರು, ಇನ್ನೊಂದು ಕಾರ್ಡು ಕೊಟ್ಟರು. ಕಾರ್ಡು ಸರಿಯಾಗಿಯೇ ಇದೆ. ಕಾಲು ನೋವಿತ್ತು, ಅದಕ್ಕೇ ಇರಬೇಕು.

ಪ್ರದರ್ಶನದ ಸುದ್ದಿಗೆ ಹೆಂಡತಿಯ ಚಿತ್ರ ಹಾಕೋಣ ಎಂದರು. ಹಾಲ್‌ನಲ್ಲಿ ಬೆಳಕು ಕಡಿಮೆ ಇತ್ತು, ಚಿತ್ರದ ತುಂಬ ಚುಕ್ಕಿ. ಶುಚಿ ಮಾಡಲಾ ಎಂದು ಪುಟ ಜೋಡಿಸುವ ಹುಡುಗಿ ಕೇಳಿದಳು. ಬೇಡ, ಹಾಗೇ ಹೋಗಲಿ ಎಂದೆ. ಯಾಕೆ ಎಂದಳು. ಊಟಕ್ಕೆ ಹೊತ್ತಾಗಿತ್ತು, ವಿವರಿಸಲಿಲ್ಲ.

ಏಪ್ರಿಲ್ 27, ಶನಿವಾರ

ಮಾವನ ಬಲಗಣ್ಣಿನ ಶಸ್ತ್ರಚಿಕಿತ್ಸೆ ಸೋಮವಾರ ಆಯಿತು. ಇಂದಿನಿಂದ ಏನು ಬೇಕಾದರೂ ನೋಡಬಹುದು ಎಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ ಮಾವ, ನಮ್ಮನ್ನು ನೇರ ಗ್ರಂಥಾಲಯಕ್ಕೆ ಕರೆದೊಯ್ದರು. ಜೇಬಿನಲ್ಲಿ ಭೂತಗನ್ನಡಿ ಇತ್ತು. ಅದನ್ನು ಆಸ್ಪತ್ರೆಗೂ ಒಯ್ದಿದ್ದರೆಂದು ಆಗ ಗೊತ್ತಾಯಿತು.

ಇಪ್ಪತ್ತಮೂರು ಚಿತ್ರಗಳನ್ನು ದಾಟಿ ಕೊನೆಯ ಗೋಡೆಗೆ ಹೋದರು. ಮೇಡಂ ಚಿತ್ರವನ್ನು ಕೆಳಗಿಳಿಸಿ ಕಿಟಕಿಯ ಬಳಿ ಮೇಜಿನ ಮೇಲಿಟ್ಟರು. ಮಾವ ಬಗ್ಗಿ ಗಾಜಿಗೆ ಬಲಗಣ್ಣಿಟ್ಟು ನೋಡತೊಡಗಿದರು. ಎಡಗೆನ್ನೆ. ಹಣೆ. ಕಣ್ಣು. ಕಿವಿಯ ಹಿಂದೆ. ಮತ್ತೆ ಎಡಗೆನ್ನೆ. ನಾನು ಎಣಿಸುತ್ತಿದ್ದೆ, ಅಭ್ಯಾಸಬಲ. ಇನ್ನೂರ ಹತ್ತು ದಾಟಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

"ಮಾವ?"

ನೆಟ್ಟಗೆ ನಿಂತರು. ಕಣ್ಣು ಒದ್ದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿಂದ ನೀರು ಬರುವುದು ಸಹಜ ಎಂದು ಡಾಕ್ಟರ್ ಹೇಳಿದ್ದರು.

"ಇನ್ನೊಂದು ಕಣ್ಣು ಆಗೋವರೆಗೆ ಫೋಕಸ್ ನೀನೇ ಮಾಡು" ಎಂದು ಭೂತಗನ್ನಡಿಯನ್ನು ನನ್ನ ಜೇಬಿಗೆ ಹಾಕಿದರು.

"ಆದ್ಮೇಲೆ?"

"ಆದ್ಮೇಲೂ."